ಫೋನ್ ಎತ್ತುವವರಿಲ್ಲವೋ, ಫೋನೇ ರಿಂಗ್ ಆಗುತ್ತಿಲ್ಲವೋ?

ಮಾನ್ಯ ಸಂಪಾದಕರೇ,

‘ಎಷ್ಟು ಸಲ ಮಾಡಿದರೂ ಆ ಕಚೇರಿಯಲ್ಲಿ ಫೋನ್ ಎತ್ತುವುದಿಲ್ಲ’, ‘ಯಾವಾಗ ನೋಡಿದರೂ ಎಂಗೇಜ್’ ಎಂಬ ದೂರುಗಳು ವಾಚಕರ ಅಂಕಣಗಳಿಗೆ ಹೊಸವಲ್ಲ. ಬೇಕೆಂದೇ ಎತ್ತದವರೂ ಇದ್ದಾರೆ. ಅವರ ಪರ ವಕಾಲತ್ತು ವಹಿಸಲು ಈ ಪತ್ರ ಬರೆಯುತ್ತಿಲ್ಲ. ಆದರೆ ಇಪಿಎಬಿಎಕ್ಸ್ (ಕಚೇರಿಯೊಳಗಿನ ಫೋನುಗಳನ್ನು ಜೋಡಿಸುವ ಪುಟ್ಟ ಎಕ್ಸ್‌ಚೇಂಜ್) ಮತ್ತು ಐಪಿ ಫೋನುಗಳ (ಕಂಪ್ಯೂಟರ್ ಜಾಲದ ಮೂಲಕ ನಡೆಯುವ ಫೋನುಗಳು) ಕೆಲಸ ಮಾಡುವವರ ಕಣ್ಣಿಗೆ ಬೀಳುವ ಕಾರಣ ಇನ್ನೊಂದಿದೆ. ಡಿಎನ್‌ಡಿ (‘ಡು ನಾಟ್ ಡಿಸ್ಟರ್ಬ್’, ಕರೆ ಬಾರದಂತೆ ತಡೆಯುವುದು), ಫಾರ್ವರ್ಡ್ (ಕರೆಯನ್ನು ಬೇರೆ ನಂಬರಿಗೆ ಕಳಿಸುವುದು), ಆಟೊ ಆನ್ಸರ್ (ಫೋನ್ ತಾನೇ ಎತ್ತಿಕೊಳ್ಳುವುದು), ನೈಟ್ ಮೋಡ್ (ಕಚೇರಿ ಮುಚ್ಚಿದ ಹೊತ್ತಿನ ವ್ಯವಸ್ಥೆ) ಮುಂತಾದ ಸವಲತ್ತುಗಳನ್ನು ಯಾರೋ ಎಂದೋ ಹಾಕಿರುತ್ತಾರೆ, ಇಲ್ಲವೇ ಕೈತಪ್ಪಿ ಒತ್ತಿರುತ್ತಾರೆ. ಕುರ್ಚಿಯಲ್ಲಿ ಕೂತವರಿಗೆ ಅದರ ಸುಳಿವೇ ಇರುವುದಿಲ್ಲ. ಫೋನ್ ಕೆಟ್ಟಿದೆ ಎಂದು ಹೊಸದನ್ನು ತರಿಸುತ್ತಾರೆ. ಹೊಸದೂ ಹಾಗೇ ಆಡುತ್ತದೆ.

ಹೊಸದೂ ಹಾಗೇ ಆಡುವುದೇಕೆಂದರೆ, ಆ ಸವಲತ್ತು ಕೂತಿರುವುದು ಫೋನಿನಲ್ಲಿ ಅಲ್ಲದೇ ಇರಬಹುದು. ಅದು ಕೂರುವ ಜಾಗ ಮೂರು: ಮೇಜಿನ ಮೇಲಿನ ಉಪಕರಣ, ಕಚೇರಿಯ ಎಕ್ಸ್‌ಚೇಂಜ್ (ಗೋಡೆಗೆ ಹೊಡೆದ ಇಪಿಎಬಿಎಕ್ಸ್ ಡಬ್ಬ ಅಥವಾ ಸರ್ವರ್), ಹೊರಗಿನ ಲೈನ್ ಕೊಟ್ಟ ಕಂಪನಿಯ ಎಕ್ಸ್‌ಚೇಂಜ್. ಎಲ್ಲಿ ಹಾಕಿದೆಯೋ ಅಲ್ಲೇ ತೆಗೆಯಬೇಕು. ಉಪಕರಣದಲ್ಲಿ ಹಾಕಿದ ಡಿಎನ್‌ಡಿ ಎಕ್ಸ್‌ಚೇಂಜ್ ಕೋಡ್ ಒತ್ತಿದರೆ ಹೋಗುವುದಿಲ್ಲ. ಎಕ್ಸ್‌ಚೇಂಜಿನಲ್ಲಿರುವ ಫಾರ್ವರ್ಡ್ ಉಪಕರಣ ಬದಲಿಸಿದರೆ ಹೋಗುವುದಿಲ್ಲ.

ಎಲ್ಲಿದೆ ಎಂದು ತಿಳಿಯಲು ಮೊದಲು ರಿಸೀವರ್ ಎತ್ತಿ ಕಿವಿಗೆ ಹಿಡಿಯಿರಿ. ಡಯಲ್ ಟೋನ್ ಒಂದೇ ಸಮನೆ ಬರುತ್ತಿದ್ದರೆ ಸರಿ. ಮೊದಲ ಕ್ಷಣ ತುಂಡು ತುಂಡಾಗಿ, ತೊದಲಿದಂತೆ ಬಂದರೆ ಬಹುತೇಕ ಇಪಿಎಬಿಎಕ್ಸ್‌ಗಳಲ್ಲಿ ಅದು ‘ನಿಮ್ಮ ಎಕ್ಸ್‌ಟೆನ್ಷನ್ (ಕಚೇರಿಯೊಳಗಿನ ನಂಬರ್) ಮೇಲೆ ಏನೋ ಹಾಕಿದೆ’ ಎನ್ನುವ ಸೂಚನೆ: ಫಾರ್ವರ್ಡ್, ಡಿಎನ್‌ಡಿ ಅಥವಾ ಕೇಳದೇ ಉಳಿದ ಸಂದೇಶ. ಆಮೇಲೆ ಪಕ್ಕದ ಎಕ್ಸ್‌ಟೆನ್ಷನ್‌ನಿಂದ ಒಮ್ಮೆ, ಮೊಬೈಲಿನಿಂದ ಒಮ್ಮೆ ಕರೆ ಮಾಡಿ. ಒಳಗಿನ ಕರೆ ಬಂದು ಹೊರಗಿನದು ಬಾರದಿದ್ದರೆ ಉಪಕರಣವನ್ನು ಬಿಟ್ಟುಬಿಡಿ, ಹುಡುಕಬೇಕಾದ್ದು ಎಕ್ಸ್‌ಚೇಂಜನ್ನು ಇಲ್ಲವೇ ಲೈನನ್ನು.

ಕರೆ ಮಾಡಿದವರ ಕಿವಿಗೆ ಏನು ಬೀಳುತ್ತದೆ ಎಂಬುದೂ ಅರ್ಧ ಉತ್ತರ. ಅವರಿಗೆ ರಿಂಗ್ ಕೇಳುತ್ತಿದೆ, ಇಲ್ಲಿ ಸದ್ದೇ ಇಲ್ಲ ಎಂದರೆ ರಿಂಗರ್ ಬಂದ್ ಆಗಿದೆ ಅಥವಾ ವೈರ್ ಕಿತ್ತಿದೆ. ಹಳೆಯ ಅನಲಾಗ್ (ಜೋಡಿ ತಂತಿಯ ಸಾದಾ) ಫೋನಿನಲ್ಲಿ ವೈರ್ ಪೂರ್ತಿ ಕಿತ್ತು ಕೈಯಲ್ಲಿ ಹಿಡಿದಿದ್ದರೂ ಕರೆ ಮಾಡಿದವರಿಗೆ ರಿಂಗ್ ಕೇಳುತ್ತಲೇ ಇರುತ್ತದೆ. ಆ ಸದ್ದನ್ನು ಕೊಡುವುದು ಎಕ್ಸ್‌ಚೇಂಜ್. ಆ ತುದಿಯಲ್ಲಿ ಫೋನ್ ಇದೆಯೋ ಇಲ್ಲವೋ ಅದಕ್ಕೆ ತಿಳಿಯದು. ‘ಎತ್ತುವುದೇ ಇಲ್ಲ’ ಎಂಬ ದೂರುಗಳಲ್ಲಿ ಇಂಥವೂ ಸೇರಿರುತ್ತವೆ. ನಂಬರ್ ಒತ್ತಿದ ಕೂಡಲೇ ಎಂಗೇಜ್ ಬಂದರೆ ಡಿಎನ್‌ಡಿ, ಇಲ್ಲವೇ ಸರಿಯಾಗಿ ಕೂರದ ರಿಸೀವರ್. ಸಂಬಂಧವೇ ಇಲ್ಲದವರು ಎತ್ತಿದರೆ, ಅಥವಾ ‘ಸ್ವಿಚ್ ಆಫ್ ಆಗಿದೆ’ ಎಂದು ಕೇಳಿದರೆ ಫಾರ್ವರ್ಡ್.

ಉಪಕರಣ ಅದಲು ಬದಲು ಮಾಡಿ ನೋಡುವ ಪರೀಕ್ಷೆ ಅನಲಾಗ್ ಫೋನಿಗೆ ಮಾತ್ರ ಸರಿಹೋಗುತ್ತದೆ. ಅಲ್ಲಿ ಎಕ್ಸ್‌ಟೆನ್ಷನ್ ನಂಬರ್ ಇರುವುದು ಎಕ್ಸ್‌ಚೇಂಜಿನಿಂದ ಬಂದ ಜೋಡಿ ತಂತಿಗೆ. ಪಕ್ಕದ ಮೇಜಿನ ಫೋನ್ ತಂದು ಹಾಕಿದರೂ ತೊಂದರೆ ಹಾಗೇ ಇದ್ದರೆ ಅದು ಎಕ್ಸ್‌ಚೇಂಜಿನದು. ಫೋನಿನ ಜತೆ ಪಕ್ಕದ ಮೇಜಿಗೆ ಹೋದರೆ ಫೋನಿನದು. ಐಪಿ ಫೋನಿನಲ್ಲಿ ನಂಬರ್ ಇರುವುದು ಫೋನಿನೊಳಗಿನ ಅಕೌಂಟಿನಲ್ಲಿ. ಅದನ್ನು ಯಾವ ಸಾಕೆಟ್‌ಗೆ ಚುಚ್ಚಿದರೂ ಅದೇ ಎಕ್ಸ್‌ಟೆನ್ಷನ್ ಆಗಿ ಎದ್ದು ಕೂರುತ್ತದೆ. ಹಾಗಾಗಿ ಅದಲು ಬದಲಿನಿಂದ ಏನೂ ತಿಳಿಯುವುದಿಲ್ಲ, ಎರಡು ಮೇಜುಗಳ ನಂಬರ್ ಗೊಂದಲವಾಗುತ್ತದೆ ಅಷ್ಟೇ.

ಡಿಎನ್‌ಡಿ ಹಾಕಿದ್ದು ಯಾರೂ ಅಲ್ಲ, ತಾನಾಗಿಯೇ ಬಂತು ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಗ್ರ್ಯಾಂಡ್‌ಸ್ಟ್ರೀಮ್ ಕಂಪನಿಯ ಜಿಎಕ್ಸ್‌ಪಿ ಸರಣಿಯ ಐಪಿ ಫೋನುಗಳಲ್ಲಿ ಮಾತಾಡುವಾಗ ಮ್ಯೂಟ್ ಒತ್ತಿದರೆ ಮೈಕ್ ಬಂದ್ ಆಗುತ್ತದೆ. ಫೋನ್ ಸುಮ್ಮನಿರುವಾಗ ಅದೇ ಮ್ಯೂಟ್ ಒತ್ತಿದರೆ ಡಿಎನ್‌ಡಿ ಬೀಳುತ್ತದೆ. ಮಾತು ಮುಗಿಸಿ ರಿಸೀವರ್ ಇಟ್ಟ ಮೇಲೆ ‘ಮ್ಯೂಟ್ ತೆಗೆಯೋಣ’ ಎಂದು ಒತ್ತಿದರೆ ಸಾಕು, ಅಂದಿನಿಂದ ಫೋನ್ ಮೌನ. ಮತ್ತೊಮ್ಮೆ ಒತ್ತಿದರೆ ಹೋಗುತ್ತದೆ. ಶಾಶ್ವತವಾಗಿ ತಪ್ಪಿಸಬೇಕೆಂದರೆ ಫೋನಿನ ವೆಬ್ ಪುಟದಲ್ಲಿ (ಫೋನಿನ ಐಪಿ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿದರೆ ತೆರೆಯುವ ಪುಟ), ಸುಮ್ಮನಿರುವಾಗ ಮ್ಯೂಟ್ ಕೀ ಏನು ಮಾಡಬೇಕು ಎಂಬ ಆಯ್ಕೆಯನ್ನು ಡಿಎನ್‌ಡಿಯಿಂದ ಡಿಸೇಬಲ್‌ಗೆ ಬದಲಿಸಬೇಕು. ಯೀಲಿಂಕ್ ಕಂಪನಿಯ ಐಪಿ ಫೋನುಗಳಲ್ಲಿ ಪರದೆಯ ಕೆಳಗಿನ ಡಿಎನ್‌ಡಿ ಬಟನ್ ಕೈಗೆ ಸಿಗುವ ಜಾಗದಲ್ಲೇ ಇದೆ, ಒರೆಸುವ ಬಟ್ಟೆಗೂ ಸಿಗುತ್ತದೆ.

ಫ್ರೀಪಿಬಿಎಕ್ಸ್ ಸರ್ವರ್ (ಆಸ್ಟರಿಸ್ಕ್ ಎಂಬ ತಂತ್ರಾಂಶದಿಂದ ಕಂಪ್ಯೂಟರನ್ನೇ ಎಕ್ಸ್‌ಚೇಂಜ್ ಮಾಡುವ ವ್ಯವಸ್ಥೆ) ಇರುವ ಕಚೇರಿಯಲ್ಲಿ ಮಾಮೂಲಿ ಕೋಡ್ ಹೀಗಿವೆ: ಡಿಎನ್‌ಡಿ ಹಾಕಲು *78, ತೆಗೆಯಲು *79. ಕಷ್ಟ ಬರುವುದು ಇಲ್ಲೇ. ಫೋನಿನ ಬಟನ್‌ನಿಂದ ಹಾಕಿದ್ದು ಫೋನಿನಲ್ಲಿ, ಕೋಡಿನಿಂದ ಹಾಕಿದ್ದು ಸರ್ವರಿನಲ್ಲಿ. ಒಂದರ ವಿಷಯ ಇನ್ನೊಂದಕ್ಕೆ ಗೊತ್ತಿಲ್ಲ. ಪರದೆಯಲ್ಲಿ ಏನೂ ಕಾಣದಿದ್ದರೂ ಕರೆ ಬಾರದಿರುವುದು ಹೀಗೆ. ಯೀಲಿಂಕ್‌ನ ವೆಬ್ ಪುಟದಲ್ಲಿ ಡಿಎನ್‌ಡಿ ಆನ್ ಕೋಡ್, ಆಫ್ ಕೋಡ್ ಎಂಬ ಖಾಲಿ ಜಾಗಗಳಿವೆ. ಅಲ್ಲಿ *78, *79 ತುಂಬಿದರೆ ಬಟನ್ ಒತ್ತಿದಾಗ ಫೋನೇ ಸರ್ವರಿಗೂ ಹೇಳುತ್ತದೆ, ಲೆಕ್ಕ ಒಂದಾಗುತ್ತದೆ. ಗ್ರ್ಯಾಂಡ್‌ಸ್ಟ್ರೀಮ್‌ನಲ್ಲಿ ಇದಕ್ಕೆ ಉಲ್ಟಾ ತೊಡಕು. ಅದರ ‘ಕಾಲ್ ಫೀಚರ್ಸ್’ ಆಯ್ಕೆ ಚಾಲೂ ಇದ್ದರೆ *72, *73 (ಫಾರ್ವರ್ಡ್ ಹಾಕಲು, ತೆಗೆಯಲು), *78, *79 ಎಲ್ಲವನ್ನೂ ಫೋನ್ ತಾನೇ ನುಂಗಿಕೊಳ್ಳುತ್ತದೆ. ಕೋಡ್ ಸರ್ವರಿಗೆ ತಲುಪುವುದೇ ಇಲ್ಲ. ಹತ್ತು ಸಲ *79 ಒತ್ತಿದರೂ ಸರ್ವರಿನ ಡಿಎನ್‌ಡಿ ಅಲ್ಲೇ ಇರುತ್ತದೆ. ಸರ್ವರ್ ಕೋಡ್‌ಗಳನ್ನೇ ಬಳಸುವ ಕಚೇರಿ ಆ ಆಯ್ಕೆಯನ್ನು ‘ನೋ’ ಮಾಡಿಡಬೇಕು.

ಅಂದಹಾಗೆ, ಜಾಹೀರಾತು ಕರೆ ತಡೆಯಲು 1909ಕ್ಕೆ ನೋಂದಾಯಿಸುವ ಡಿಎನ್‌ಡಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಬೇರೆಯೇ ವ್ಯವಸ್ಥೆ. ಹೆಸರು ಒಂದೇ ಆದದ್ದರಿಂದ ‘1909ಕ್ಕೆ ಹೇಳಿ ತೆಗೆಸಿದೆವು, ಆದರೂ ಫೋನ್ ಬರುತ್ತಿಲ್ಲ’ ಎನ್ನುವವರು ಇದ್ದಾರೆ.

ಇನ್ನು ಫಾರ್ವರ್ಡ್. ಹೆಚ್ಚು ಹಾನಿ ಇದರಿಂದಲೇ. ಮಾಮೂಲಿ ಬಗೆ ಮೂರು: ಎಲ್ಲ ಕರೆಗಳೂ ಬೇರೆಡೆಗೆ, ಎಂಗೇಜ್ ಇದ್ದಾಗ ಮಾತ್ರ, ಎತ್ತದಿದ್ದಾಗ ಮಾತ್ರ. ಫ್ರೀಪಿಬಿಎಕ್ಸ್‌ನಲ್ಲಿ ಮೂರನ್ನೂ ಬೇರೆ ಬೇರೆಯಾಗಿ ತೆಗೆಯಬೇಕು: *73, *91, *53. ಒಂದನ್ನು ತೆಗೆದು ‘ಆಯಿತು’ ಎಂದುಕೊಂಡರೆ ಉಳಿದೆರಡು ಕೂತಿರುತ್ತವೆ. ‘ಕೆಲವು ಸಲ ಬರುತ್ತದೆ, ಕೆಲವು ಸಲ ಬರುವುದಿಲ್ಲ’ ಎಂಬ ದೂರಿದ್ದರೆ ಬಹುತೇಕ ಕೊನೆಯ ಎರಡರಲ್ಲಿ ಒಂದು. ಕೊಠಡಿಗೆ ಬೀಗ ಹಾಕಿದ್ದರೆ ಬೇರೆ ಫೋನಿನಿಂದ *74 ಒತ್ತಿ, ಕೇಳಿದಾಗ ಆ ಎಕ್ಸ್‌ಟೆನ್ಷನ್ ನಂಬರ್ ಕೊಟ್ಟರೆ ಎಲ್ಲ ಕರೆಗಳ ಫಾರ್ವರ್ಡ್ ರದ್ದಾಗುತ್ತದೆ. ಬೇರೆ ಕಂಪನಿಗಳ ಇಪಿಎಬಿಎಕ್ಸ್‌ಗಳಲ್ಲಿ ಕೋಡ್ ಬೇರೆ. ಎಕ್ಸ್‌ಟೆನ್ಷನ್ ಮೇಲಿನ ಎಲ್ಲವನ್ನೂ ಒಟ್ಟಿಗೆ ಅಳಿಸುವ ಒಂದೇ ಕೋಡ್ ಹಲವು ಎಕ್ಸ್‌ಚೇಂಜ್‌ಗಳಲ್ಲಿ ಇರುತ್ತದೆ. ಹಾಕಿಕೊಟ್ಟವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕಾದ ಮೊದಲ ಕೋಡ್ ಅದೇ.

ಮೊಬೈಲಿನ *21*, ##002# ಇತ್ಯಾದಿ ಕೋಡ್‌ಗಳನ್ನು ಮೇಜಿನ ಫೋನಿನಲ್ಲಿ ಒತ್ತುವವರಿದ್ದಾರೆ. ಅವು ಮೊಬೈಲ್ ಜಾಲದವು, ಇಪಿಎಬಿಎಕ್ಸ್‌ಗೆ ಅರ್ಥವಾಗುವುದಿಲ್ಲ. ಅಪರಿಚಿತರ ಮಾತು ಕೇಳಿ *401# ಒತ್ತಿ ಫಾರ್ವರ್ಡ್ ಹಾಕಿಕೊಂಡು ಮೋಸ ಹೋಗುವುದು ಹೆಚ್ಚಿದ್ದರಿಂದ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಮೊಬೈಲುಗಳಲ್ಲಿ ಇಂಥ ಕೋಡ್ ಮೂಲಕದ ಫಾರ್ವರ್ಡನ್ನು ನಿಲ್ಲಿಸಲು ಕಂಪನಿಗಳಿಗೆ ಸೂಚಿಸಿತ್ತು. ಕಚೇರಿಯ ಎಕ್ಸ್‌ಚೇಂಜಿಗೆ ಆ ಕಾವಲೂ ಇಲ್ಲ. ಯಾವ ಎಕ್ಸ್‌ಟೆನ್ಷನ್ ಹೊರಗಿನ ನಂಬರಿಗೆ ಫಾರ್ವರ್ಡ್ ಮಾಡಬಹುದು ಎಂಬುದನ್ನು ಇಪಿಎಬಿಎಕ್ಸ್‌ನಲ್ಲೇ ನಿಗದಿ ಮಾಡಬೇಕು. ಎಲ್ಲರಿಗೂ ಬಿಟ್ಟುಕೊಟ್ಟರೆ ಕರೆಯ ಬಿಲ್ಲೂ ಕಚೇರಿಯದೇ, ಕರೆ ಎಲ್ಲಿಗೆ ಹೋಯಿತೆಂಬ ಪ್ರಶ್ನೆಯೂ ಕಚೇರಿಯದೇ.

ಬೇಕೆಂದೇ ಹಾಕಿದ ಫಾರ್ವರ್ಡ್ ಕೆಲಸ ಮಾಡದಿರುವುದಕ್ಕೆ ಒಂದು ಸಣ್ಣ ಕಾರಣವಿದೆ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಮಾಡುವಾಗ ಮುಂದೆ 0 ಸೇರಿಸಬೇಕು. ಹೊರಗಿನ ಲೈನ್ ಹಿಡಿಯಲು 0 ಒತ್ತುವ ಕಚೇರಿಯಲ್ಲಿ ಫಾರ್ವರ್ಡ್ ನಂಬರ್ ಒಟ್ಟು 12 ಅಂಕಿ ಆಗಬೇಕು: ಲೈನಿಗೆ ಒಂದು ಸೊನ್ನೆ, ಮೊಬೈಲಿಗೆ ಒಂದು ಸೊನ್ನೆ, ಆಮೇಲೆ ಹತ್ತಂಕಿ. ಅದಕ್ಕೂ ಹಿಂದೆ ಹಾಕಿಟ್ಟ ನಂಬರುಗಳಲ್ಲಿ ಒಂದೇ ಸೊನ್ನೆ ಇರುತ್ತದೆ.

ನಾಲ್ಕು ಮೇಜಿಗೆ ಒಟ್ಟಿಗೆ ರಿಂಗ್ ಆಗುವ ಗುಂಪಿನಲ್ಲಿ ಒಬ್ಬರು ಫಾರ್ವರ್ಡ್ ಹಾಕಿದರೆ ನಾಲ್ವರ ಕರೆಯೂ ಕೆಡಬಹುದು. ಆ ಒಬ್ಬರ ಮೊಬೈಲ್ ಎತ್ತದಿದ್ದಾಗ ವಾಯ್ಸ್ ಮೇಲ್ ಉತ್ತರಿಸಿತೆನ್ನಿ: ಯಾರೋ ಎತ್ತಿದರು ಎಂದು ಸರ್ವರ್ ತಿಳಿದು ಉಳಿದ ಮೂರು ಫೋನಿನ ರಿಂಗ್ ನಿಲ್ಲಿಸುತ್ತದೆ. ಫ್ರೀಪಿಬಿಎಕ್ಸ್‌ನ ರಿಂಗ್ ಗ್ರೂಪ್ ಪುಟದಲ್ಲಿ ಸದಸ್ಯರ ಫಾರ್ವರ್ಡನ್ನು ಕಡೆಗಣಿಸು ಎಂಬ ಆಯ್ಕೆ ಇದೆ, ಅದನ್ನು ಹಾಕಿಡಿ.

ಸಾದಾ ಬೀಟೆಲ್ ಮಾದರಿಯ ಫೋನುಗಳ ಕಥೆ ಬೇರೆ. ಕೋಡ್ ಒತ್ತಿದರೂ ಏನೂ ಆಗದಿದ್ದರೆ ಫೋನನ್ನು ಮಗುಚಿ, ಡಯಲ್ ಮಾಡುವ ಬಗೆ ಬದಲಿಸುವ ಟೋನ್–ಪಲ್ಸ್ ಸ್ವಿಚ್ ನೋಡಿ. ಪಲ್ಸ್‌ನಲ್ಲಿದ್ದರೆ ನಂಬರುಗಳು ಹೋಗುತ್ತವೆ, ಸ್ಟಾರ್ ಮತ್ತು ಹ್ಯಾಶ್ ಹೋಗುವುದಿಲ್ಲ. ಒರೆಸುವಾಗ ಪಕ್ಕಕ್ಕೆ ಸರಿಯುವ ಸ್ವಿಚ್ ಅದು. ರಿಂಗರ್ ಸ್ವಿಚ್ ಇದ್ದರೆ ಅದನ್ನೂ ನೋಡಿ.

ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಫ್ಲ್ಯಾಶ್. ಮಾತು ಮುಗಿದ ಮೇಲೆ ರಿಸೀವರ್ ಇಡದೆ, ಹುಕ್ಕನ್ನು ಬೆರಳಿನಿಂದ ಟಕ್ ಎಂದು ಒತ್ತಿ ಮುಂದಿನ ನಂಬರ್ ಡಯಲ್ ಮಾಡುವ ಅಭ್ಯಾಸ ಬಹಳ ಜನರಿಗಿದೆ. ಅರ್ಧ ಸೆಕೆಂಡಿನಷ್ಟು ಒತ್ತಿ ಬಿಟ್ಟರೆ ಇಪಿಎಬಿಎಕ್ಸ್ ಅದನ್ನು ‘ಕರೆ ಮುಗಿಯಿತು’ ಎಂದು ಓದುವುದಿಲ್ಲ, ‘ಈ ಕರೆಯನ್ನು ಹೋಲ್ಡ್‌ನಲ್ಲಿಡು’ ಎಂದು ಓದುತ್ತದೆ. ಆ ಕಡೆಯವರಿಗೆ ಸಂಗೀತ. ಇತ್ತ ರಿಸೀವರ್ ಇಟ್ಟ ಕೂಡಲೇ ಫೋನ್ ತಾನಾಗಿ ಬಡಿದುಕೊಳ್ಳುತ್ತದೆ. ಎತ್ತಿದರೆ ಅದೇ ಹಳೆಯ ಕರೆ, ಅಥವಾ ಬರೀ ಮೌನ. ಅನಲಾಗ್ ಹೊರಲೈನ್ ಆದರೆ ಆ ಕಡೆಯವರು ಇಟ್ಟುಬಿಟ್ಟಿದ್ದು ಎಕ್ಸ್‌ಚೇಂಜಿಗೆ ಕೂಡಲೇ ತಿಳಿಯದೆ ಲೈನ್ ಸ್ವಲ್ಪ ಹೊತ್ತು ಸಿಕ್ಕಿಕೊಂಡೇ ಇರುತ್ತದೆ. ಎರಡೇ ಲೈನ್ ಇರುವ ಕಚೇರಿಯಲ್ಲಿ ಹೀಗೆ ಒಂದು ಸಿಕ್ಕಿಕೊಂಡರೆ ಸಾರ್ವಜನಿಕರಿಗೆ ಕೇಳುವುದು ಎಂಗೇಜ್. ಹುಕ್ಕನ್ನು ಎರಡು ಸೆಕೆಂಡ್ ಪೂರ್ತಿ ಒತ್ತಿ ಹಿಡಿಯಿರಿ, ಇಲ್ಲವೇ ರಿಸೀವರನ್ನು ಇಟ್ಟು ಎತ್ತಿ. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ.

ಆಟೊ ಆನ್ಸರ್ ಮಾತ್ರ ಬರೀ ಕಿರಿಕಿರಿಯಲ್ಲ, ಗುಟ್ಟು ಬಯಲಾಗುವ ವಿಷಯ. ಇಂಟರ್‌ಕಾಮ್ ಕರೆ ಬಂದ ಕೂಡಲೇ ಸ್ಪೀಕರ್ ತಾನೇ ತೆರೆದುಕೊಂಡು ಕೊಠಡಿಯ ಮಾತೆಲ್ಲ ಆ ಕಡೆಗೆ ಕೇಳುತ್ತದೆ. ಪ್ಯಾನಸಾನಿಕ್ ಕೆಎಕ್ಸ್–ಟಿ7730 ಫೋನಿನಲ್ಲಿ ಆಟೊ ಆನ್ಸರ್ ಮತ್ತು ಮ್ಯೂಟ್ ಎರಡಕ್ಕೂ ಒಂದೇ ಬಟನ್. ಫೋನ್ ಸುಮ್ಮನಿರುವಾಗ ಅದರ ದೀಪ ಉರಿಯುತ್ತಿದ್ದರೆ ಆಟೊ ಆನ್ಸರ್ ಚಾಲೂ ಎಂದೇ ಅರ್ಥ, ಒತ್ತಿ ಆರಿಸಿ. ಯೀಲಿಂಕ್‌ನಲ್ಲಿ ಎರಡು ಕಡೆ ನೋಡಬೇಕು. ಮೆನುವಿನ ಫೀಚರ್ಸ್‌ನಲ್ಲಿ ಆಟೊ ಆನ್ಸರ್ ಒಂದು. ಇನ್ನೊಂದು ವೆಬ್ ಪುಟದ ಇಂಟರ್‌ಕಾಮ್ ಭಾಗದಲ್ಲಿರುವ ‘ಇಂಟರ್‌ಕಾಮ್ ಅಲೋ’. ಇದು ಕಾರ್ಖಾನೆಯಿಂದಲೇ ಚಾಲೂ ಆಗಿ ಬರುತ್ತದೆ, ಆಟೊ ಆನ್ಸರ್ ಬಂದ್ ಮಾಡಿದರೂ ಇದು ಹಾಗೇ ಉಳಿಯುತ್ತದೆ. ಸರ್ವರಿನಲ್ಲಿ *80ರ ಜತೆ ನಿಮ್ಮ ಎಕ್ಸ್‌ಟೆನ್ಷನ್ ಒತ್ತಿದವರಿಗೆ ಬಾಗಿಲು ತೆರೆಯುವುದು ಇದೇ. ನಿಮ್ಮ ಫೋನಿನಿಂದ *55 ಒತ್ತಿದರೆ ಸರ್ವರ್ ತಡೆಯುತ್ತದೆ, *54 ಒತ್ತಿದರೆ ಮತ್ತೆ ಬಿಡುತ್ತದೆ. ಜವಾನರನ್ನು ಕರೆಯಲು ಇಂಟರ್‌ಕಾಮ್ ಬೇಕೇ ಬೇಕು ಎನ್ನುವ ಕಡೆ ‘ಇಂಟರ್‌ಕಾಮ್ ಮ್ಯೂಟ್’ ಹಾಕಿ: ಕರೆದವರ ದನಿ ಕೇಳುತ್ತದೆ, ಕೊಠಡಿಯ ಮಾತು ಹೊರಗೆ ಹೋಗುವುದಿಲ್ಲ. ಸಭೆ ನಡೆಸುವ ಕೊಠಡಿಗಳಲ್ಲಿ, ಅಧಿಕಾರಿಗಳ ಮೇಜಿನ ಮೇಲೆ ಇದು ತೆರೆದೇ ಇರುವುದನ್ನು ನಾವು ಅಪಾಯವೆಂದೇ ಎಣಿಸುತ್ತೇವೆ.

ರಾತ್ರಿ ಹೊತ್ತು ಫೋನ್ ತಾನಾಗಿ ರಿಂಗ್ ಆಗುತ್ತದೆ, ಎತ್ತಿದರೆ ಯಾರೂ ಇಲ್ಲ. ದೆವ್ವದ ಕಾಟವಲ್ಲ. ದಿನವೂ ಒಂದೇ ಸಮಯಕ್ಕೆ ಬಂದರೆ ಹಿಂದೆ ಕೂತವರು ಎಕ್ಸ್‌ಚೇಂಜಿನಲ್ಲಿ ಇಟ್ಟ ಅಲಾರಂ. ಹೊತ್ತುಗೊತ್ತಿಲ್ಲದೆ, ಪರದೆಯಲ್ಲಿ 100, 1000, 1001 ಎಂಬಂಥ ನಂಬರ್ ತೋರಿಸುತ್ತಾ ಬಂದರೆ, ಅಂತರ್ಜಾಲದಲ್ಲಿ 5060ನೇ ಪೋರ್ಟ್ (ಐಪಿ ಫೋನುಗಳು ಕರೆ ಪಡೆಯುವ ಜಾಲದ ಬಾಗಿಲು) ತಡಕಾಡುವ ಪ್ರೋಗ್ರಾಂಗಳು ನಿಮ್ಮ ಫೋನನ್ನು ನೇರವಾಗಿ ಮುಟ್ಟುತ್ತಿವೆ. ಈ ಕರೆ ಸರ್ವರ್ ಮೂಲಕ ಬರುವುದೇ ಇಲ್ಲ, ಅಲ್ಲಿನ ದಾಖಲೆಯಲ್ಲಿ ಸಿಗುವುದೂ ಇಲ್ಲ. ರೌಟರಿನಲ್ಲಿ ಫೋನಿಗೆ ಪೋರ್ಟ್ ತೆರೆದಿದ್ದರೆ ಮುಚ್ಚಿಸಿ. ಯೀಲಿಂಕ್‌ನಲ್ಲಿ ‘ಅಲೋ ಐಪಿ ಕಾಲ್’ ಬಂದ್ ಮಾಡಿ, ನಂಬಿದ ಸರ್ವರಿನಿಂದ ಮಾತ್ರ ಕರೆ ಸ್ವೀಕರಿಸುವ ಆಯ್ಕೆ ಚಾಲೂ ಮಾಡಿ. ಗ್ರ್ಯಾಂಡ್‌ಸ್ಟ್ರೀಮ್‌ನಲ್ಲೂ ಪ್ರಾಕ್ಸಿಯಿಂದ (ಎಂದರೆ ಸರ್ವರಿನಿಂದ) ಮಾತ್ರ ಎಂಬ ಇಂಥದೇ ಆಯ್ಕೆ ಇದೆ.

ನೈಟ್ ಮೋಡ್‌ನಲ್ಲಿ ಕರೆಗಳೆಲ್ಲ ಕಾವಲುಗಾರರ ಫೋನಿಗೋ ‘ಕಚೇರಿ ಮುಚ್ಚಿದೆ’ ಎಂಬ ಧ್ವನಿಮುದ್ರಣಕ್ಕೋ ಹೋಗುತ್ತವೆ. ಆಪರೇಟರ್ ಬೆಳಿಗ್ಗೆ ತೆಗೆಯಲು ಮರೆತರೆ ಅದು ಗೊತ್ತಾಗುವ ತಪ್ಪು. ಗೊತ್ತಾಗದ್ದು ಗಡಿಯಾರದ ತಪ್ಪು. ಸರ್ವರಿನ ಗಡಿಯಾರವನ್ನು ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯ) ಬಿಟ್ಟಿದ್ದರೆ ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಕಚೇರಿ ಸಮಯ 10ರಿಂದ 5.30 ಎಂದು ಬರೆದಿಟ್ಟರೆ ಸರ್ವರ್ ಬಾಗಿಲು ತೆರೆಯುವುದು ನಮ್ಮ ಮಧ್ಯಾಹ್ನ 3.30ಕ್ಕೆ, ಮುಚ್ಚುವುದು ರಾತ್ರಿ 11ಕ್ಕೆ. ಬೆಳಿಗ್ಗೆಯಿಡೀ ‘ಕಚೇರಿ ಮುಚ್ಚಿದೆ’, ಮಧ್ಯಾಹ್ನದ ಮೇಲೆ ಎಲ್ಲ ಸರಿ. ಇಂಥ ದೂರು ಬಂದರೆ ಬೇರೇನೂ ಮುಟ್ಟದೆ ಸರ್ವರಿನ ಟೈಮ್ ಜೋನ್ ನೋಡಿ. ಯೀಲಿಂಕ್ ಫೋನಿನ ಪರದೆಯಲ್ಲಿ ಎರಡೂವರೆ ಗಂಟೆ ಮುಂದೆ ತೋರಿಸುವುದು ಬೇರೆ ವಿಷಯ: ಅದರ ಮೂಲ ಜೋನ್ ಬೀಜಿಂಗ್‌ನದು. ಅದರಿಂದ ನೈಟ್ ಮೋಡ್‌ಗೆ ಏನೂ ಆಗದು.

ಫೋನ್ ಲಾಕ್ ಆಗಿದೆ ಎಂಬುದಕ್ಕೆ ಕೀಪ್ಯಾಡ್ ಮೇಲಿಟ್ಟ ಫೈಲು ಕಾರಣವಾಗಿರಬಹುದು. ಗ್ರ್ಯಾಂಡ್‌ಸ್ಟ್ರೀಮ್‌ನಲ್ಲಿ ಸ್ಟಾರ್ ಕೀಯನ್ನು ನಾಲ್ಕು ಸೆಕೆಂಡಿನಷ್ಟು ಒತ್ತಿದರೆ ಲಾಕ್ ಬೀಳುತ್ತದೆ, ಹಾಗೇ ಒತ್ತಿದರೆ ತೆರೆಯುತ್ತದೆ. ರಿಸೀವರ್ ಎತ್ತಿದ ಕೂಡಲೇ ತಾನೇ ಯಾರಿಗೋ ಡಯಲ್ ಆಗುತ್ತಿದ್ದರೆ ಅದು ಹಾಟ್‌ಲೈನ್. ಐಪಿ ಫೋನಿನಲ್ಲಿ ಹಾಟ್‌ಲೈನ್ ನಂಬರಿನ ಜಾಗ ಖಾಲಿ ಮಾಡಿ. ಅನಲಾಗ್ ಆದರೆ ಎಕ್ಸ್‌ಚೇಂಜಿನಲ್ಲಿ ತೆಗೆಸಬೇಕು. ರಿಸೀವರಿನಲ್ಲಿ ಸದ್ದಿಲ್ಲದಿದ್ದರೆ ಹೆಡ್‌ಸೆಟ್ ಬಟನ್ನಿನ ದೀಪ ನೋಡಿ, ಉರಿಯುತ್ತಿದ್ದರೆ ಸದ್ದು ಹೆಡ್‌ಸೆಟ್ಟಿನ ಕಡೆಗೆ ಹೋಗುತ್ತಿದೆ ಎಂದರ್ಥ.

ಏನೂ ತಿಳಿಯದಾಗ ಫ್ಯಾಕ್ಟರಿ ರೀಸೆಟ್ ಮಾಡುವ ಚಾಳಿ ಬಿಡಬೇಕು. ಯೀಲಿಂಕ್‌ನಲ್ಲಿ ಓಕೆ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ, ಸಿಸ್ಕೊ 7942 ಮಾದರಿಯಲ್ಲಿ ಹ್ಯಾಶ್ ಒತ್ತಿಕೊಂಡು ವಿದ್ಯುತ್ ಕೊಟ್ಟು 123456789*0# ಒತ್ತಿದರೆ ಎಲ್ಲ ಅಳಿಯುತ್ತದೆ. ಈ ವಿದ್ಯೆ ಯೂಟ್ಯೂಬಿನಲ್ಲಿ ಎಲ್ಲರಿಗೂ ಸಿಗುತ್ತದೆ. ಸೆಟ್ಟಿಂಗ್ ಸರ್ವರಿನಿಂದ ಬರುವ ವ್ಯವಸ್ಥೆ ಇಲ್ಲದಿದ್ದರೆ ಅಕೌಂಟ್, ಪಾಸ್‌ವರ್ಡ್ ಅಳಿದು ಫೋನ್ ಕಲ್ಲಾಗುತ್ತದೆ. ವ್ಯವಸ್ಥೆ ಇದ್ದರೆ ಸರ್ವರ್ ತನ್ನಲ್ಲಿರುವ ಹಳೆಯ ಸೆಟ್ಟಿಂಗನ್ನೇ ಮತ್ತೆ ಇಳಿಸುತ್ತದೆ. ಬೇಡದ ಸವಲತ್ತು ಅದರೊಳಗೇ ಇದ್ದರೆ ಅದೂ ವಾಪಸ್. ‘ತೆಗೆದರೂ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಬರುತ್ತದೆ’ ಎಂದರೆ ಫೋನಿನಲ್ಲಿ ತಿದ್ದಿ ಫಲವಿಲ್ಲ, ಸರ್ವರಿನ ಆ ಕಡತದಲ್ಲೇ ತಿದ್ದಬೇಕು. ಯೀಲಿಂಕ್‌ನಲ್ಲಿ ಓಕೆಯನ್ನು ಒಮ್ಮೆ ಮಾತ್ರ ಒತ್ತಿದರೆ ಐಪಿ ವಿಳಾಸ ಕಾಣುತ್ತದೆ. ಅದನ್ನು ಬ್ರೌಸರಿನಲ್ಲಿ ಹಾಕಿ ವೆಬ್ ಪುಟ ತೆರೆದರೆ ರೀಸೆಟ್ಟಿನ ಅಗತ್ಯವೇ ಬೀಳದು. ಆ ಪುಟದ ಪಾಸ್‌ವರ್ಡ್ ಇನ್ನೂ ಅಡ್ಮಿನ್ ಎಂದೇ ಇದ್ದರೆ ಮೊದಲು ಅದನ್ನು ಬದಲಿಸಿ.

ಇಲಾಖೆಗಳ ಆಡಳಿತ ಶಾಖೆಗಳಲ್ಲಿ ಒಂದು ಕೋರಿಕೆ. ವರ್ಗಾವಣೆಯಾದವರು ಪ್ರಭಾರ ವಹಿಸಿಕೊಡುವಾಗ ಬೀಗದ ಕೈ, ಕಡತ, ಪೀಠೋಪಕರಣಗಳ ಪಟ್ಟಿ ಮಾಡುತ್ತಾರೆ. ಫೋನಿನ ಫಾರ್ವರ್ಡ್ ಹೋಗುವುದು ಎಕ್ಸ್‌ಟೆನ್ಷನ್ ನಂಬರಿನ ಜತೆ, ವ್ಯಕ್ತಿಯ ಜತೆಗಲ್ಲ. ಅವರು ಹೊಸ ಊರಿಗೆ ಹೋಗಿ ಕೂತ ಮೇಲೂ ಹಳೆಯ ಕುರ್ಚಿಯ ಕರೆಗಳು ಅವರ ಮೊಬೈಲಿಗೇ ಹೋಗುತ್ತವೆ. ಆ ಪಟ್ಟಿಯಲ್ಲಿ ‘ಫಾರ್ವರ್ಡ್, ಡಿಎನ್‌ಡಿ, ಅಲಾರಂ ರದ್ದು ಮಾಡಿದೆ; ಒಳಗಿನಿಂದ ಒಂದು, ಹೊರಗಿನಿಂದ ಒಂದು ಕರೆ ಮಾಡಿ ನೋಡಿದೆ’ ಎಂಬ ಸಾಲು ಸೇರಿಸಿ. ಎಕ್ಸ್‌ಚೇಂಜ್ ಹಾಕಿದವರಿಂದ ಐದೇ ಕೋಡ್ ಕೇಳಿ ಪಡೆದು ಚೀಟಿಯಲ್ಲಿ ಬರೆದು ಫೋನಿನ ಅಡಿಗೆ ಅಂಟಿಸಿ: ಫಾರ್ವರ್ಡ್ ರದ್ದು, ಡಿಎನ್‌ಡಿ ರದ್ದು, ಇಂಟರ್‌ಕಾಮ್ ತಡೆ, ಅಲಾರಂ ರದ್ದು, ಎಲ್ಲವನ್ನೂ ಒಟ್ಟಿಗೆ ಅಳಿಸುವುದು. ಚೀಟಿಯ ಮೇಲೆ ಪಾರದರ್ಶಕ ಟೇಪ್ ಹಾಕಿ, ಇಲ್ಲದಿದ್ದರೆ ಬೆವರಿಗೆ ಶಾಯಿ ಅಳಿಸುತ್ತದೆ.

– ಇಪಿಎಬಿಎಕ್ಸ್ ತಂತ್ರಜ್ಞರು, ದಾವಣಗೆರೆ